ಗಿರಣಿ ಕಲ್ಲಿನ ಗುಲಾಲು

ಹುನಗುಂದ, ೧೨–೨–೧೯೮೧

ಅಕ್ಕನಿಗೆ ನಮಸ್ಕಾರ.

ಆಹಾರದಲ್ಲಿ ವಿಷ ಬೆರೆತರೆ ಅಧಿಕಾರಿಗಳು ಏನು ಮಾಡಬೇಕೆಂಬ ತರಬೇತಿ ಇಲ್ಲಿ ನಡೆದಿದೆ. ನಮ್ಮಲ್ಲಿ ಒಬ್ಬ ಇನ್ಸ್‌ಪೆಕ್ಟರನ್ನು ಮೈಸೂರಿನ ಕೋರ್ಸಿಗೆ ಆರಿಸುತ್ತಾರೆ. ಅದು ನಾನೇ ಎಂದುಕೊಂಡಿದ್ದೆ. ನಿನ್ನೆ ಕೀಟನಾಶಕದ ಬದಲು ಗುಲಾಲು ಬೆರೆಸಿದ ಜೋಳವನ್ನು ಗಿರಣಿಯಲ್ಲಿ ಬೀಸಿಸಿ ಪರೀಕ್ಷೆ ಇಟ್ಟರು. ನಾನು ನಿಯಮದಂತೆ ಆ ಹಿಟ್ಟಿನ ಚೀಲಕ್ಕೆ ಮೊಹರು ಹಾಕಿದೆ. ನಮ್ಮ ಜೊತೆ ತರಬೇತಿಗೆ ಬಂದಿರುವ ಬಾದಾಮಿಯ ಇನ್ಸ್‌ಪೆಕ್ಟರ್ ಅಮಾತೆಪ್ಪ, ಅದರ ನಂತರ ತನ್ನ ಜೋಳ ಬೀಸಿಸಿಕೊಂಡು ಹೊರಟಿದ್ದ ಹೆಂಗಸನ್ನು ತಡೆದ.

“ನನ್ನ ಜ್ವಾಳ ಚೊಕ್ಕ ಅದಾವ. ನನ್ನ ಹಿಟ್ಟು ಯಾಕ ಹಿಡೀತಿಯೋ ಯಪ್ಪಾ?” ಎಂದಳು.

“ಮುಂಚೆ ಬೀಸಿದವರ ಹಿಟ್ಟು ಕಲ್ಲಾಗ ಉಳದಿರತೈತಿ ಯವ್ವಾ. ಅದು ನಿನ್ನ ಬುಟ್ಟ್ಯಾಗ ಬಿದ್ದೈತಿ.”

ಕಲ್ಲು ಬಿಚ್ಚಿಸಿದರೆ ಒಳಗೆಲ್ಲ ಕೆಂಪು! ತರಬೇತಿ ಕೊಡುವ ಸಾಹೇಬರು ಅವನ ಬೆನ್ನು ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಸದ್ದಾಗದಂತೆ. ಗಿರಣಿಗೆ ಹೋಗುವ ಯಾರಿಗಾದರೂ ಗೊತ್ತಿರುವ ಸಂಗತಿಯದು, ಅದರಲ್ಲೇನು ಜಾಣತನ?

ಮೈಸೂರಿಗೆ ಅವನೇ ಹೋಗುತ್ತಾನೆ. ಭಾವನಿಗೆ ಹೇಳಿಬಿಡು. ಇಂದು ಮಧ್ಯಾಹ್ನ ನಮಗೆಲ್ಲ ಅವನದೇ ಪಾಠವಂತೆ. ಜ್ವರವಾದರೂ ಬರಬಾರದೇ ಎಂದು ಹಣೆ ಮುಟ್ಟಿ ನೋಡಿಕೊಂಡೆ. ಆರೋಗ್ಯ ಚೆನ್ನಾಗಿಯೇ ಇದೆ. ಕರೆಯುತ್ತಿದ್ದಾರೆ, ಹೊರಟೆ.

ನಿನ್ನ ತಮ್ಮ,
ರುದ್ರೇಶ