ಮಂಗಳವಾರದ ಹವೆ

ಡುಲೂತ್
ಫೆಬ್ರವರಿ 20, ಗುರುವಾರ

ಪ್ರೀತಿಯ ಮಿಲ್ಕಾ ಅತ್ತೆ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಬಾಗಿಲ ಮುಂದಿನ ಹಿಮ ತೆಗೆಯಲು ನೀನೇ ಸಲಿಕೆ ಹಿಡಿದು ಇಳಿಯಬೇಡ. ಪಕ್ಕದ ಮನೆಯ ಲೆನಾರ್ಡ್‌ಗೆ ಹೇಳು. ಅವನು ಗೊಣಗುತ್ತಲೇ ಮಾಡುತ್ತಾನೆ, ಆದರೆ ಮಾಡುತ್ತಾನೆ. ತಲುಪಿದ ಕೂಡಲೇ ಬರೆಯುತ್ತೇನೆಂದು ನಿನ್ನ ಅಡುಗೆಮನೆಯಲ್ಲಿ ನಿಂತು ಮಾತು ಕೊಟ್ಟು ಬಂದವಳು ಇಷ್ಟು ದಿನ ಸುಮ್ಮನಿದ್ದೆ, ಕ್ಷಮಿಸು. ಫೋನ್ ಮಾಡೋಣವೆಂದರೆ ನೀನು ಊರಿಗೆ ಬೆಂಕಿ ಬಿದ್ದಂತೆ ಎರಡು ಮಾತು ಕೂಗಿ ಇಟ್ಟುಬಿಡುತ್ತೀಯ. ಬರೆಯೋಣವೆಂದು ಕುಳಿತರೆ ಏನೂ ಬರುತ್ತಿರಲಿಲ್ಲ. ಅಪ್ಪ ಹೋದ ಎಂದು ಗೊತ್ತಿದೆ. ಆದರೆ ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗಿದ್ದೇನೆ. ಮುಟ್ಟಿದರೆ ಯಾರದೋ ಕೆನ್ನೆ ಮುಟ್ಟಿದ ಹಾಗೆ.

ನೀನು ಅಕ್ರೋಟು ತುಂಬಿ ಸುತ್ತಿ ಬೇಯಿಸಿ ಕಟ್ಟಿಕೊಟ್ಟ ಪೊಟೀಟ್ಸಾ ಬ್ರೆಡ್ಡು ಇನ್ನೂ ಅರ್ಧ ಉಳಿದಿದೆ. ದಿನಾ ಬೆಳಿಗ್ಗೆ ಒಂದು ಚೂರು ಕತ್ತರಿಸಿ ತಿನ್ನುತ್ತೇನೆ. ಚೆನ್ನಾಗಿದೆ ಎಂದು ಬರೆಯಬೇಕು. ಅಕ್ರೋಟು ಹಲ್ಲಿಗೆ ಸಿಗುತ್ತದೆ, ರುಚಿ ಗೊತ್ತಾಗುವುದಿಲ್ಲ. ತಪ್ಪು ನಿನ್ನ ಕೈಯದ್ದಲ್ಲ.

ಅಪ್ಪನನ್ನು ಕಳಿಸಿಕೊಟ್ಟ ದಿನದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಚರ್ಚಿನ ಊಟ ಮುಗಿಸಿ ಮನೆಗೆ ಬಂದ ಮೇಲೆ ನೀನು ಮೇಜಿನ ಮೇಲೆ ತಲೆಯಿಟ್ಟು "ನನ್ ತಮ್ಮ ಹೋದ್ನಲ್ಲೇ, ಇನ್ನು ಬೆಳಿಗ್ಗೆ ಎದ್ದು ಯಾರನ್ನ ಬಯ್ಲೇ" ಎಂದು ಅಳುತ್ತಿದ್ದೆ. ನಾನು ಬಾಗಿಲಲ್ಲಿ ನಿಂತು, "ನಾನು ನಿನ್ನ ಜೊತೆಗಿದ್ದೇನೆ" ಎಂದೆ. ನೀನು ತಲೆಯೆತ್ತಿ ನೋಡಿದ್ದು ಹಾಗೇ ಕಣ್ಣ ಮುಂದಿದೆ.

"ಜೊತೆಗಿದೀಯಾ? ಎಲ್ಲಿದೀಯಾ? ಬಾಗ್ಲಲ್ಲಿ ಕೋಟು ಹಾಕ್ಕೊಂಡು ನಿಂತಿದೀಯಲ್ಲೇ! ಬಂದು ಕೂತ್ಕೋ!"

ಬಂದು ಕುಳಿತೆ. ಆದರೆ ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೆಂದು ನಿನಗೆ ಹೇಳಬೇಕು, ಇಲ್ಲದಿದ್ದರೆ ನಾನು ಕಲ್ಲೆದೆಯವಳೆಂದೇ ನೀನು ತಿಳಿಯುತ್ತೀಯ.

ನಾನು ನಮ್ಮ ವಿಭಾಗದ ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಎಂದು ಅಪ್ಪ ಊರಿಗೆಲ್ಲ ಸಾರಿಕೊಂಡು ಬಂದಿದ್ದನಲ್ಲ. ಬೇರೆ ಯಾರೂ ನಿಲ್ಲಲಿಲ್ಲ, ಹಾಗಾಗಿ ಗೆದ್ದೆ ಎನ್ನುವುದನ್ನು ಅವನು ಬಿಟ್ಟು ಹೇಳಿರುತ್ತಾನೆ. ಪ್ರತಿ ಮಂಗಳವಾರ ಸಂಜೆ ನಮ್ಮ ಸಭೆ. ನಿರಾಶ್ರಿತರ ತಂಗುದಾಣಕ್ಕೆ ಕಾಲುಚೀಲ ಕೂಡಿಸುವುದು, ಪರೀಕ್ಷೆ ವಾರದಲ್ಲಿ ಓದುವ ಕೋಣೆಗೆ ತಿನ್ನಲು ಬೇಗಲ್ ಬ್ರೆಡ್ಡು ತರಿಸುವುದು, ಮೇಷ್ಟರುಗಳಿಗೆ ಮನವಿ ಬರೆಯುವುದು, ಇಂಥವು. ಸಭೆ ಶುರುವಾಗುವುದು ಹವೆಯಿಂದ. ಸುತ್ತ ಕುಳಿತವರೆಲ್ಲ ಅವತ್ತು ತಮ್ಮ ಒಳಗಿನ ಹವೆ ಹೇಗಿದೆ ಎಂದು ಒಂದೊಂದು ಮಾತು ಹೇಳಬೇಕು. ಉಳಿದವರು ಏನೂ ವಿಚಾರಿಸಬಾರದು, ಬುದ್ಧಿ ಹೇಳಬಾರದು, ಸಮಾಧಾನವನ್ನೂ ಮಾಡಬಾರದು. "ಜೊತೆಗಿದ್ದೇವೆ" ಎಂದಷ್ಟೇ ಹೇಳಿ ಮುಂದಿನವರ ಕಡೆ ತಿರುಗಬೇಕು. ಇಲ್ಲವಾದರೆ ಏನಾಗುತ್ತದೆ ಗೊತ್ತೇ? ಎಲ್ಲರೂ ಸಮಾಜಕಾರ್ಯ ಓದುವವರು. ಒಬ್ಬ ತಲೆನೋವು ಎಂದರೆ ಹತ್ತು ಜನ ಅವನ ಬಾಲ್ಯದೊಳಗೆ ಇಳಿಯುತ್ತಾರೆ, ಬೇಗಲ್ ವಿಷಯ ಬರುವ ಹೊತ್ತಿಗೆ ಬೇಗಲ್ ಅಂಗಡಿ ಮುಚ್ಚಿರುತ್ತದೆ. ಅದಕ್ಕೇ ಹಿಂದಿನವರು ಈ ನಿಯಮ ಮಾಡಿದರು. ನಿಯಮ ಮೀರಿದವರಿಗೆ ಬಾರಿಸಲು ಅಧ್ಯಕ್ಷರ ಮುಂದೆ ಒಂದು ಪುಟ್ಟ ಹಿತ್ತಾಳೆ ಗಂಟೆಯನ್ನೂ ಇಟ್ಟರು. ಗಂಟೆ ಬಾರಿಸುವುದರಲ್ಲಿ ನಾನು ಬಲು ಕಟ್ಟುನಿಟ್ಟು. ಒಮ್ಮೆ ನಮ್ಮ ಕಾರ್ಯದರ್ಶಿ ಯೆಸೇನಿಯಾ "ಅಯ್ಯೋ" ಎಂದಿದ್ದಕ್ಕೇ ಬಾರಿಸಿದ್ದೆ.

ಅಪ್ಪನಿಗೆ ಈ ಹವೆಯ ಕಥೆ ಕೇಳಿದರೆ ಎಲ್ಲಿಲ್ಲದ ನಗು. "ನಾವು ಗಣಿ ಒಳಗೆ ಮೂವತ್ತು ವರ್ಷ ಕೆಲ್ಸ ಮಾಡಿದ್ವಿ, ಒಬ್ರೂ ಇನ್ನೊಬ್ರ ಹೊಟ್ಟೆ ಒಳಗಿನ ಹವೆ ವಿಚಾರಿಸ್ಲಿಲ್ಲ. ಅದಕ್ಕೆ ಡಿಗ್ರಿ ಬೇರೆ ಕೊಡ್ತಾರಾ?" ಎನ್ನುತ್ತಿದ್ದ.

ನಾನು ಈ ತಿಂಗಳ ಒಂಬತ್ತಕ್ಕೆ, ಭಾನುವಾರ, ಇಲ್ಲಿಗೆ ಬಂದೆ, ಸೋಮವಾರವೇ ಕ್ಷೇತ್ರಕಾರ್ಯಕ್ಕೆ, ವೃದ್ಧರ ಕೇಂದ್ರಕ್ಕೆ ಹೋದೆ. ಇನ್ನೆರಡು ದಿನ ಇರು ಎಂದು ನೀನು ಅಷ್ಟು ಹೇಳಿದರೂ ಹೊರಟೆನಲ್ಲ, ಅದಕ್ಕೆ ಕಾರಣ ಇದು: ಕೇಂದ್ರದಲ್ಲಿ ನಾನು ಕೆಲಸ ಮಾಡಬೇಕಾದ ಗಂಟೆಗಳು ಕಡಿಮೆಯಾದರೆ ಮೇ ತಿಂಗಳಲ್ಲಿ ಪದವಿ ಸಿಗುವುದಿಲ್ಲ. ಸಾವಿಗೆಂದು ರಜೆ ನಮ್ಮಲ್ಲಿ ಇಲ್ಲ. ದುಃಖದಲ್ಲಿರುವವರ ಜೊತೆ ಹೇಗೆ ಕೂರಬೇಕೆಂದು ಒಂದು ಇಡೀ ಪಾಠವಿದೆ, ರಜೆ ಮಾತ್ರ ಇಲ್ಲ.

ಮರುದಿನ ಮಂಗಳವಾರ, ಸಭೆ. ಯೆಸೇನಿಯಾ, "ತುಂತುರು ಮಳೆ. ಛತ್ರಿ ಇದೆ, ಪರ್ವಾಗಿಲ್ಲ" ಎಂದಳು. ಜೊತೆಗಿದ್ದೇವೆ ಎಂದೆವು. ಉಪಾಧ್ಯಕ್ಷ ಟೋಬಿನ್, "ಬಿಸ್ಲು, ಆದ್ರೆ ಗಾಳಿ ಜೋರು" ಎಂದ. ಜೊತೆಗಿದ್ದೇವೆ ಎಂದೆವು. ನನ್ನ ಸರದಿ ಬಂತು.

"ನಮ್ಮಪ್ಪ ತೀರ್ಕೊಂಡ್ರು. ಹೃದಯಾಘಾತ. ಹವೆ ಏನೂ ಇಲ್ಲ," ಎಂದೆ.

ಯೆಸೇನಿಯಾಳ ಕಣ್ಣು ತುಂಬಿತು, ಬಾಯಿ ತೆರೆದಳು, ಗಂಟೆಯ ಕಡೆ ನೋಡಿದಳು. ಗಂಟೆ ನನ್ನ ಕೈಯ ಪಕ್ಕದಲ್ಲೇ ಇತ್ತು. ನಂತರ ಎಲ್ಲರೂ ಒಟ್ಟಿಗೆ, ಬಹಳ ಮೆತ್ತಗೆ, "ಜೊತೆಗಿದ್ದೇವೆ" ಎಂದರು. ನನ್ನ ಎಡಗಡೆ ಕುಳಿತವನು, "ಅರೆ ಮೋಡ" ಎಂದ. ಪಾಪ, ಬೇರೇನು ಹೇಳಿಯಾನು. ಅವರ ಮೇಲೆ ನನಗೆ ಸಿಟ್ಟಿಲ್ಲ ಅತ್ತೆ. ಒಳ್ಳೆಯ ಹುಡುಗರು, ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದರು. ಕಲಿಸಿದವಳು ನಾನೇ.

ಅವತ್ತಿನ ಮುಖ್ಯ ವಿಷಯ ಏನಿತ್ತು ಹೇಳು ನೋಡೋಣ. ಮನೆಯಲ್ಲಿ ಸಾವಾದರೆ ಕ್ಷೇತ್ರಕಾರ್ಯಕ್ಕೆ ಒಂದು ವಾರ ರಜೆ ಕೊಡಬೇಕು, ಆ ಗಂಟೆಗಳನ್ನು ತುಂಬಿಸಲು ಹೇಳಬಾರದು ಎಂಬ ಮನವಿ. ಇದು ಕ್ರಿಸ್‌ಮಸ್‌ಗೂ ಮುಂಚೆ ನಾವೇ ಹಾಕಿಕೊಂಡ ಕೆಲಸ, ಆಗ ಅಪ್ಪ ಗುಂಡುಕಲ್ಲಿನ ಹಾಗಿದ್ದ. ನಾನು ಸಭೆ ನಡೆಸುತ್ತಿದ್ದೆ, ಅವರು ಚರ್ಚೆ ಮಾಡುತ್ತಿದ್ದರು. ಯಾರು ಸತ್ತರೆ ರಜೆ ಎಂಬುದೇ ದೊಡ್ಡ ಪ್ರಶ್ನೆ.

"ಅಜ್ಜಿ ತಾತ ಸೇರಿಸ್ಲೇಬೇಕು," ಎಂದಳು ಯೆಸೇನಿಯಾ. "ನನ್ನ ಸಾಕಿದ್ದೇ ನಮ್ಮಜ್ಜಿ."

"ನಾಯಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಾಯಿಗೆ ರಜ ಕೇಳಿದ್ರೆ ಸಮಿತಿಲಿರೋ ಬ್ರೆಕ್ಕೆ ಮೇಡಂ ನಮ್ಮನ್ನೇ ಜೀವಂತ ಹೂತುಬಿಡ್ತಾರೆ," ಎಂದ ಟೋಬಿನ್. ಎಂದವನು ಹಾಗೇ ನನ್ನ ಮುಖ ನೋಡಿ ಕಿವಿಯವರೆಗೂ ಕೆಂಪಾದ. "ಛೆ, ಕಾರ್ಲೀನ್, ನಾನು ಆ ಅರ್ಥದಲ್ಲಿ..."

ನಾನು ಗಂಟೆ ಬಾರಿಸಿದೆ. ಯಾಕೆ ಬಾರಿಸಿದೆನೋ ಗೊತ್ತಿಲ್ಲ. ಕೈಗೆ ಸಿಕ್ಕಿತು, ಬಾರಿಸಿದೆ.

ಮೊನ್ನೆ ಮಂಗಳವಾರ ಮಧ್ಯಾಹ್ನ ಆ ಮನವಿ ಹಿಡಿದು ನಾವು ಮೂವರು ಕ್ಷೇತ್ರಕಾರ್ಯ ಸಮಿತಿಯ ಮುಂದೆ ಹೋದೆವು. ಸಮಿತಿಗೆ ಬ್ರೆಕ್ಕೆ ಮೇಡಂ ಮುಖ್ಯಸ್ಥೆ. ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಆಧಾರ ಬೇಕು ಅವರಿಗೆ. ಓದಿ ಮುಗಿಸಿ ನನ್ನನ್ನು ನೋಡಿದರು.

"ಚೆನ್ನಾಗಿ ಬರ್ದಿದೀರಿ. ಆದ್ರೆ ಇದು ನಿಜವಾಗ್ಲೂ ಯಾರಿಗಾದ್ರೂ ಬೇಕಾಗಿದ್ಯಾ? ಒಂದಾದ್ರೂ ಉದಾಹರಣೆ ಕೊಡಿ."

ನಾನು ಏನು ಹೇಳಿದೆ ಗೊತ್ತೇ? "ಸದಸ್ಯರನ್ನ ವಿಚಾರಿಸಿ ತಿಳಿಸ್ತೀವಿ ಮೇಡಂ," ಎಂದೆ. ನಾಟಕವಾಡಿದ್ದಲ್ಲ ಅತ್ತೆ. ಆ ಕ್ಷಣ ನನಗೆ ನಿಜಕ್ಕೂ ಯಾರೂ ನೆನಪಾಗಲಿಲ್ಲ.

ಟೋಬಿನ್ ಮೇಜಿನ ಕೆಳಗೆ ನನ್ನ ಕಾಲು ಒದ್ದ. ಯೆಸೇನಿಯಾಗೆ ತಡೆಯಲಾಗಲಿಲ್ಲ. "ಉದಾಹರಣೆ ನಿಮ್ಮೆದುರಿಗೇ ಕೂತಿದೆ ಮೇಡಂ. ಇವಳ ತಂದೆ ಹೋಗಿ ಇನ್ನೂ ತಿಂಗಳಾಗಿಲ್ಲ. ಊರಿಂದ ಬಂದ ಮರುದಿನವೇ ಕೇಂದ್ರದಲ್ಲಿ ಮುದುಕ್ರಿಗೆ ಹಾಡು ಹೇಳಿಸ್ತಿದ್ಲು."

ಬ್ರೆಕ್ಕೆ ಮೇಡಂ ಕನ್ನಡಕ ತೆಗೆದಿಟ್ಟರು. ಕುರ್ಚಿಯನ್ನು ನನ್ನ ಕಡೆ ಸ್ವಲ್ಪ ತಿರುಗಿಸಿದರು. ಮೊದಲ ಸೆಮಿಸ್ಟರಿನಲ್ಲಿ ನಮಗೆ ಹಾಗೇ ತಿರುಗಿಸಲು ಕಲಿಸಿದವರು ಅವರೇ. "ಕಾರ್ಲೀನ್, ಈ ಕ್ಷಣ ನಿಮಗೆ ಏನನ್ನಿಸ್ತಿದೆ?" ಎಂದರು.

"ಮೂರನೇ ಸಾಲಲ್ಲಿ ಒಂದು ತಿದ್ದುಪಡಿ ಇದೆ ಮೇಡಂ," ಎಂದೆ.

ಇತ್ತು ಕೂಡ. ಸತ್ತ ಒಂದು ವಾರದೊಳಗೇ ರಜೆ ತೆಗೆದುಕೊಳ್ಳಬೇಕು ಎಂದು ನಾವು ಬರೆದಿದ್ದೆವು. ಉತ್ತರದ ಊರುಗಳಲ್ಲಿ ಚಳಿಗಾಲದಲ್ಲಿ ನೆಲ ಅಗೆಯಲಾಗುವುದಿಲ್ಲ, ಹಿಮ ಕರಗುವವರೆಗೆ ದೇಹವನ್ನು ಸ್ಮಶಾನದ ಕಟ್ಟಡದಲ್ಲಿ ಇಟ್ಟಿರುತ್ತಾರೆ, ಮಣ್ಣು ಮಾಡುವುದು ಮೇ ತಿಂಗಳಲ್ಲಿ, ಆದ್ದರಿಂದ ರಜೆಯನ್ನು ಎರಡು ಭಾಗ ಮಾಡಿ ತೆಗೆದುಕೊಳ್ಳಲು ಬಿಡಬೇಕು ಎಂದು ವಿವರಿಸಿದೆ. ಯಾರದೋ ಊರಿನ ಪದ್ಧತಿ ಹೇಳಿದ ಹಾಗೆ ಹೇಳಿದೆ. ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು, "ಒಳ್ಳೆ ಅಂಶ, ಬರ್ಕೊಳ್ಳಿ" ಎಂದು ಪಕ್ಕದವರಿಗೆ ಹೇಳಿದರು. ಮನವಿ ಸರ್ವಾನುಮತದಿಂದ ಒಪ್ಪಿಗೆಯಾಯಿತು. ನಮ್ಮ ಸಂಘ ಇಷ್ಟು ದೊಡ್ಡ ಕೆಲಸ ಯಾವತ್ತೂ ಗೆದ್ದಿರಲಿಲ್ಲವಂತೆ. ಹೊರಗೆ ಬಂದ ಮೇಲೆ ಟೋಬಿನ್ ನನ್ನನ್ನು ಅಪ್ಪಿಕೊಂಡು ಎತ್ತಿಯೇಬಿಟ್ಟ.

ಜಾರಿಗೆ ಬರುವುದು ಮುಂದಿನ ಶರತ್ಕಾಲದಿಂದ. ಈ ವರ್ಷದವರಿಗೆ ಇಲ್ಲ.

ಹಾಗಾಗಿ ಕೇಳು. ಮೇ ತಿಂಗಳಲ್ಲಿ ನೆಲ ಬಿಟ್ಟುಕೊಟ್ಟಿತೆಂದು ಸ್ಮಶಾನದವರು ಹೇಳಿಕಳಿಸಿದ ದಿನ ಅಪ್ಪನನ್ನು ಮಣ್ಣು ಮಾಡಲು ನಾನು ಬರುತ್ತೇನೆ. ಗಂಟೆ ಕಡಿಮೆಯಾದರೆ ಆಗಲಿ, ಬೇಸಿಗೆಯಲ್ಲಿ ತುಂಬಿಸುತ್ತೇನೆ. ಎಲ್ಲರ ಜೊತೆ ಪದವಿಯ ಗೌನು ಹಾಕಿಕೊಂಡು ವೇದಿಕೆ ಹತ್ತುವುದು ತಪ್ಪುತ್ತದೆ. ಅಪ್ಪ ಆ ದಿನಕ್ಕೆಂದು ತೆಗೆದಿಟ್ಟ ನೀಲಿ ಟೈಯನ್ನು ಹೇಗೂ ಅವನಿಗೇ ಕಟ್ಟಿ ಕಳಿಸಿದ್ದೇವೆ. ಇನ್ನು ಯಾರಿಗಾಗಿ ಹತ್ತಬೇಕು? ಈ ಸಲ ಬಾಗಿಲಲ್ಲಿ ನಿಲ್ಲುವುದಿಲ್ಲ, ಕೋಟು ತೆಗೆದು ಒಳಗೆ ಬರುತ್ತೇನೆ. ಒಂದು ವಾರ ಇರುತ್ತೇನೆ, ನೀನು ಬೆಳಿಗ್ಗೆ ಎದ್ದು ನನ್ನನ್ನು ಬಯ್ಯಬಹುದು.

ಮಾತ್ರೆ ತಪ್ಪಿಸಬೇಡ. ಅಮ್ಮ ಇಲ್ಲದ ಮನೆಯಲ್ಲಿ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದ ಕೈ ನಿನ್ನದು. ದೇವರು ಅದನ್ನು ಗಟ್ಟಿಯಾಗಿಟ್ಟಿರಲಿ. ನಿನ್ನ ಹಾರೈಕೆ ನನ್ನ ಮೇಲಿರಲಿ.

ನಿನ್ನ
ಕಾರ್ಲೀನ್

ವಿ.ಸೂ.: ಲಕೋಟೆ ಅಂಟಿಸಿದವಳು ಮತ್ತೆ ತೆರೆದೆ. ನಿನಗೆ ಗೊತ್ತಿತ್ತೋ ಇಲ್ಲವೋ, ಪ್ರತಿ ಮಂಗಳವಾರ ಸಭೆ ಮುಗಿಸಿ ನಾನು ಕಾರು ಹತ್ತುವ ಹೊತ್ತಿಗೆ ಸರಿಯಾಗಿ ಅಪ್ಪ ಫೋನ್ ಮಾಡುತ್ತಿದ್ದ. "ಇಲ್ಲಿ ಉತ್ತರದ ಗಾಳಿ, ರಾತ್ರಿಗೆ ಹಿಮ ಬೀಳತ್ತೆ. ನಿಂದೇನು?" ಎನ್ನುತ್ತಿದ್ದ. ಮಂಜು ಎಂದೋ ಮೋಡ ಎಂದೋ ಹೇಳುತ್ತಿದ್ದೆ. "ಯಾಕೆ?" ಎನ್ನುತ್ತಿದ್ದ. ಅಷ್ಟು ನಗಾಡುತ್ತಿದ್ದವನು ಅದೊಂದನ್ನು ನಗದೆ ಕೇಳುತ್ತಿದ್ದ, ನಾನು ಹೇಳಿ ಮುಗಿಸುವ ತನಕ ಫೋನ್ ಇಡುತ್ತಿರಲಿಲ್ಲ. ಅವನು ಹೋದ ಮೇಲೂ ಸಭೆ ಮುಗಿದಾಗಲೆಲ್ಲ ನಾನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂರುತ್ತೇನೆ. ಗಾಜೆಲ್ಲ ಹಿಮಗಟ್ಟಿ ಹೊರಗೆ ಏನೂ ಕಾಣದಂತಾಗುತ್ತದೆ, ಆಮೇಲೆ ಮನೆಗೆ ಹೋಗುತ್ತೇನೆ. ಇಲ್ಲಿ ಎಲ್ಲರೂ ನನ್ನ ಜೊತೆಗಿದ್ದಾರೆ. ಯಾರೊಬ್ಬರೂ ಯಾಕೆ ಅನ್ನುವುದಿಲ್ಲ. ಅತ್ತೆ, ಫೋನ್ ಎಂದರೆ ನಿನಗೆ ಆಗದು, ಗೊತ್ತು. ಆದರೂ ಮಂಗಳವಾರ ಸಂಜೆ ಒಂದು ಸಲ ಮಾಡು. ಕೂಗಿದರೂ ಪರವಾಗಿಲ್ಲ. ನಾನು ಹವೆ ಏನೂ ಇಲ್ಲ ಅನ್ನುತ್ತೇನೆ. ನೀನು ಯಾಕೆ ಅನ್ನು.