ಪೈಪಿನೊಳಗೆ ನೀರಿದೆ ಅಂತ ಅದಕ್ಕೆ ಹೇಗೆ ಗೊತ್ತು

ಮಾರ್ಚ್ 3, ಸೋಮವಾರ

ಮತ್ತೆ ಸಿಂಕಿನ ಕೆಳಗೆ ತಲೆ ಹಾಕಿ ಕೂತಿದ್ದೆ. ನಲ್ಲಿಗೆ ನೀರು ಬರುವ ಬಿಳಿ ಪೈಪು, ಮೊನ್ನೆ ಮೊನ್ನೆ ಹಾಕಿಸಿದ್ದು... ಪಕ್ಕದಲ್ಲಿ ತೂತು, ಸುತ್ತಲೂ ಹಲ್ಲಿನ ಗೀರು. ಇಲಿ ಕೆಲಸ. ಬೆರಳಿಂದ ಒತ್ತಿ ಹಿಡಿದೆ. ಅಕ್ಕ ಓಡಿಹೋಗಿ ವಾಲ್ವ್ ತಿರುಗಿಸುವಷ್ಟರಲ್ಲಿ ನೀರು ಕೆಳಗಿಳಿದಾಗಿತ್ತು.

ಕೆಳಗೆ ಟೈಲರ್ ಮಾಮನ ಅಂಗಡಿ. ಹೊಲಿದು ನೇತುಹಾಕಿದ್ದ ಕೋಟಿನ ಮೇಲೇ ಸುರಿದಿದೆ. ಮೇಲೆ ಬಂದು ಬಾಗಿಲಲ್ಲಿ ನಿಂತ.

"ಅಲ್ಲಮ್ಮಾ, ನೀವು ಪಾತ್ರೆ ತೊಳೆದ್ರೆ ನನ್ನ ಗಿರಾಕಿಗೆ ಸ್ನಾನ ಆಗುತ್ತಲ್ಲ."

ಅಕ್ಕನಿಗೆ ಮುಖ ಎತ್ತಲು ಆಗಲಿಲ್ಲ. ಸಂಜೆ ಓನರ್ ಭಾವನಿಗೆ ಫೋನ್ ಮಾಡಿದರು. ಇನ್ನೊಂದು ಸಲ ನೀರು ಬಿದ್ದರೆ ಮನೆ ಖಾಲಿ ಮಾಡಿ ಅಂತ. ಭಾನುವಾರ ಬಂದು ನೋಡ್ತಾರಂತೆ. ಪಾಪು ಸ್ಕೂಲು ಎದುರಿಗೇ ಇದೆ, ಭಾವನ ಫ್ಯಾಕ್ಟರಿ ಹತ್ತಿರ. ಇಂಥ ಮನೆ ಮತ್ತೆ ಸಿಗಲ್ಲ. ಅಕ್ಕ ಊಟ ಮಾಡದೆ ಮಲಗಿದಳು.

ಮಾರ್ಚ್ 4, ಸಂಜೆ

ಪ್ಲಂಬರ್ ಬಂದಿದ್ದ. ಬೇರೆ ಪೈಪು ಹಾಕಿದ. ಇದೂ ಪ್ಲಾಸ್ಟಿಕ್ಕೇ. ಸ್ಟೀಲ್ ಜಾಲರಿ ಸುತ್ತಿದ್ದು ಮುಂದಿನ ವಾರ ತರಿಸ್ತಾನಂತೆ.

"ಇಲಿ ಪ್ಲಾಸ್ಟಿಕ್ ಯಾಕೆ ಕಡಿಯುತ್ತೆ?" ಅಂದೆ.

"ಅದರ ಹಲ್ಲು ಬೆಳೀತಾನೇ ಇರುತ್ತೆ ಕಣೋ. ಸುಮ್ನಿರಕ್ಕಾಗಲ್ಲ. ನಿನ್ ನಾಲಿಗೆ ಇದ್ದಂಗೆ."

"ಹಾಗಾದ್ರೆ ಕೊಳೆ ನೀರು ಹೋಗೋ ದಪ್ಪ ಪೈಪೂ ಪ್ಲಾಸ್ಟಿಕ್ಕೇ ಅಲ್ವಾ? ಅದರ ಮೇಲೆ ಒಂದು ಗೀರೂ ಇಲ್ಲ."

ಟಾರ್ಚ್ ಬಿಟ್ಟು ನೋಡಿದ. ತಲೆ ಕೆರೆದುಕೊಂಡ. "ಮುಂದಿನ ಸಲ ಸಿಕ್ಕಿದ್ರೆ ನೀನೇ ಕೇಳು."

ಅವನು ಹೋದ ಮೇಲೆ ಬಿಳಿ ಪೈಪಿಗೆ ಕಿವಿ ಇಟ್ಟೆ. ಒಳಗೆ ಸಣ್ಣಗೆ ಸುಯ್ಯ್... ದಪ್ಪ ಪೈಪು ಸತ್ತಂತೆ ಇದೆ. ಹೊರಗೆ ಎರಡೂ ಒಣ ಒಣ. ಇಲಿಗೆ ಇದು ಕೇಳುತ್ತಾ?

ಮಾರ್ಚ್ 5

ಕೊರಿಯರ್ ಹಂಚುವಾಗಲೂ ಇದೇ ತಲೆಯಲ್ಲಿ. ಒಂದು ಪಾರ್ಸೆಲ್ ಬೇರೆ ಮನೆಗೆ ಕೊಟ್ಟು ಬೈಸಿಕೊಂಡೆ.

ಮನೆಗೆ ಬಂದಾಗ ಅಕ್ಕ ಸಿಂಕು ಒರೆಸುತ್ತಿದ್ದಳು. ಇಲಿ ಕಂಡ ದಿನದಿಂದ ಇದೇ ವ್ರತ. ಬಕೆಟ್ ಬೋರಲು, ನೆಲಕ್ಕೆ ಬಟ್ಟೆ, ಮೋರಿ ಜಾಲರಿಗೆ ಮುಚ್ಚಳ. ಒಂದು ಹನಿ ಸಿಗದಿದ್ರೆ ತಾನಾಗೇ ತೊಲಗುತ್ತೆ ಅಂತ. ಆಗ ಹೊಳೆಯಿತು... ಪೈಪು ಮೊದಲು ಸೋರಿದ್ದು ಈ ಒರೆಸಾಟ ಶುರುವಾದ ಮೇಲೆ.

"ಅಕ್ಕಾ, ನೀನು ಒಣಗಿಸಿದ್ದಕ್ಕೇ ಅದು ಪೈಪು ಕಡೀತಿದೆ."

"ಹೌದಪ್ಪಾ, ತಪ್ಪೆಲ್ಲ ನಂದೇ. ನಾಳೆಯಿಂದ ಬೆಳಗ್ಗೆ ಎದ್ದು ಅದಕ್ಕೆ ಕಾಫಿನೂ ಮಾಡಿಕೊಡ್ತೀನಿ."

ಅವಳು ಆಚೆ ಹೋದ ಮೇಲೆ ಡಬ್ಬಿ ಮುಚ್ಚಳದಲ್ಲಿ ನೀರು ಹಾಕಿ ಸಿಂಕಿನ ಕೆಳಗೆ ಇಟ್ಟೆ. ಮಟ್ಟಕ್ಕೆ ಪೆನ್ನಲ್ಲಿ ಗೆರೆ. ಆವಿಯಾಗಿ ಹೋದರೆ? ಅಂಥದ್ದೇ ಇನ್ನೊಂದು, ಶೆಲ್ಫ್ ಮೇಲೆ.

ಮಾರ್ಚ್ 6, ಬೆಳಗ್ಗೆ

ಶೆಲ್ಫಿನದು ಗೆರೆಯಲ್ಲೇ ಇದೆ. ಸಿಂಕಿನ ಕೆಳಗಿನದು ಖಾಲಿ. ಪೈಪಿನ ಮೇಲೆ ಒಂದು ಗೀರೂ ಇಲ್ಲ.

ಸೈನ್ಸ್‌ನಲ್ಲಿ ಅಂಚಲ್ಲಿ ಪಾಸಾದವನು ನಾನು. ಮೇಷ್ಟ್ರು ನೋಡಬೇಕಿತ್ತು.

ಮಾರ್ಚ್ 8

ಸಿಕ್ಕಿಬಿದ್ದೆ. ನೀರು ತುಂಬಿಸುತ್ತಿದ್ದಾಗ ಹಿಂದೆ ಅಕ್ಕ. ಬೈಗುಳ ಬೀದಿಗೆ ಕೇಳಿರಬೇಕು. ಭಾವನಿಗೆ ನಗು ತಡೆಯಲಾಗಲಿಲ್ಲ.

"ನಿನ್ ತಮ್ಮ ಇಲಿಗೆ ಅರವಟ್ಟಿಗೆ ಇಟ್ಟಿದಾನೆ ಕಣೇ." ಆಮೇಲೆ ನನ್ನ ಕಡೆ ತಿರುಗಿ, "ಬರೋ ಜಾಗ ಗೊತ್ತಾಯ್ತಲ್ಲ. ಬೋನು ಅಲ್ಲೇ ಇಡು. ನಾಳೆ ಓನರ್ ಬರ್ತಾರೆ."

ನೀರು ಕುಡಿಯೋಕೆ ಬಂದದ್ದನ್ನ ಹಿಡಿಯೋದಾ... ಇಟ್ಟೆ. ಮನೆ ಮುಖ್ಯ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಬಿದ್ದಿದೆ. ದೊಡ್ಡದು. ಓನರ್ ಬಗ್ಗಿ ಪೈಪು ನೋಡಿದರು, ಬೋನು ನೋಡಿದರು. "ಸಿಕ್ತಲ್ಲ, ಇನ್ನೇನು. ಆರಾಮಾಗಿರಿ." ಅಕ್ಕನ ಮುಖಕ್ಕೆ ಈಗ ಕಳೆ ಬಂತು.

ಅವರು ಮುಂದಿನ ರೂಮಲ್ಲಿ ಭಾವನ ಜೊತೆ ಕೂತಿದ್ದಾಗ ಬೋನು ಎತ್ತಿ ಬೆಳಕಿಗೆ ಹಿಡಿದೆ. ಕಂಬಿ ಹಿಡಿದು ನಿಂತಿತು. ಹೊಟ್ಟೆಯುದ್ದಕ್ಕೂ ಮೊಲೆ... ಸುತ್ತ ಕೂದಲು ಉದುರಿ, ಜಗ್ಗಿ ಜಗ್ಗಿ ಉದ್ದವಾಗಿವೆ.

ಅಕ್ಕನನ್ನು ಕರೆದು ತೋರಿಸಿದೆ. ಆ ರೂಮಿನ ಕಡೆ ನೋಡಿ ಬಾಯಿ ಮೇಲೆ ಬೆರಳಿಟ್ಟಳು. ಓನರ್ ಮೆಟ್ಟಿಲಿಳಿಯುವವರೆಗೂ ಇಬ್ಬರೂ ಉಸಿರೆತ್ತಲಿಲ್ಲ. ಬೀಳ್ಕೊಡಲು ಭಾವನೂ ಜೊತೆಗೆ ಹೋದರು. ಅಕ್ಕ ಬೋನಿನ ಪಕ್ಕ ಕೂತಳು.

"ಅದಕ್ಕೇ ಕಣೋ ಅಷ್ಟು ಬಾಯಾರಿಕೆ. ಪಾಪು ಹುಟ್ಟಿದಾಗ ನಾನು ಚೊಂಬುಗಟ್ಟಲೆ ಕುಡೀತಿರ್ಲಿಲ್ವಾ. ಹಾಲು ಎಲ್ಲಿಂದ ಬರಬೇಕು ಮತ್ತೆ?"

ಇಷ್ಟು ದಿನ ಬರೀ ಪೈಪಿಗೆ ಕಿವಿ ಇಟ್ಟಿದ್ದವನು ನಾನು.

"ಮರಿ ಒಳಗೇ ಸತ್ತು ನಾತ ಹೊಡೆದ್ರೆ ಟೈಲರ್ ಮಾಮನೇ ಮೊದಲು ಮೂಗು ಮುಚ್ಕೊಂಡು ಮೇಲೆ ಬರೋದು. ಎಲ್ಲಿದಾವೋ ಹುಡುಕು. ಎಲ್ಲವನ್ನೂ ಒಟ್ಟಿಗೇ ದೂರ ಬಿಟ್ಟು ಬಾ. ಇದೊಂದನ್ನೇ ಬಿಡಬೇಡ."

ಸಿಂಕಿನ ಹಿಂದಿನ ಹಲಗೆ ಬಿಚ್ಚೋಕೆ ಭಾವ ಸ್ಕ್ರೂಡ್ರೈವರ್ ತರಲಿ ಅಂತ ಇಲ್ಲೇ ಕೂತು ಬರೀತಿದೀನಿ. ಹಲಗೆಗೆ ಕಿವಿ ಇಟ್ಟರೆ ಕಡಿಯೋ ಸದ್ದಲ್ಲ, ನೀರಿನ ಸದ್ದೂ ಅಲ್ಲ. ತೆಳ್ಳಗೆ ಕೀಚ್ ಕೀಚ್, ನಡುನಡುವೆ ನಿಲ್ಲುತ್ತೆ. ಬೋನಿನೊಳಗೆ ಅದೂ ಸುಮ್ಮನಾಗಿದೆ, ಕಿವಿ ಎರಡೂ ಈ ಕಡೆಗೆ. ಮೇಲಿನ ಮೂಲೆಯಲ್ಲಾ, ಕೆಳಗಾ... ಅಕ್ಕನೂ ಬಂದು ಕಿವಿ ಇಟ್ಟಳು. ಕೆಳಗಿನ ಮೂಲೆಗೆ ಕೈ ತೋರಿಸ್ತಿದಾಳೆ, ಭಾವನೂ ಬಂದ್ರು, ಪೆನ್ನು ಇಡ್ತೀನಿ.