ಜಸೀಲಾ ವಿಮಾನ ಹತ್ತಿದ ಮೇಲೆ

ಹೊಸಂಗಡಿ
3-9-2016, ಶನಿವಾರ

ಪ್ರೀತಿಯ ಮಗಳು ಜಸೀಲಾಳಿಗೆ ನಿನ್ನ ಉಮ್ಮ ಐಸಮ್ಮನ ಸಲಾಂ.

ಹೇಗಿದ್ದೀ? ವಿಮಾನ ಇಳಿಯುವಾಗ ಕಟ್ಟಿದ ಕಿವಿ ಬಿಟ್ಟಿತೇ? ಬಿಡದಿದ್ದರೆ ಬಿಸಿನೀರಿನ ಹಬೆ ತೆಗೆದುಕೋ. ಮಿಸ್ರಿಯಾಳನ್ನು ಎಸಿಯಲ್ಲಿ ಮಲಗಿಸುವಾಗ ಎದೆ ಮುಚ್ಚುವಂತೆ ಹೊದೆಸು, ಅವಳಿಗೆ ಕಫ ಬೇಗ ಕಟ್ಟುತ್ತದೆ. ತ್ವಾಹಾನಿಗೆ ಇದು ಗೊತ್ತಿರಲಿಕ್ಕಿಲ್ಲ, ಹೇಳಿಡು. ನಾವಿಲ್ಲಿ ಚೆನ್ನಾಗಿದ್ದೇವೆ. ಫೋನು ಇರುವಾಗ ಕಾಗದ ಯಾಕೆ ಎಂದು ನೀನು ನಗಬಹುದು. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಊಟ ಆಯಿತೇ ಎನ್ನುವುದು ಬಿಟ್ಟು ಬೇರೆ ಮಾತೇ ನನಗೆ ಬರುವುದಿಲ್ಲ. ಪಕ್ಕದ ಮನೆಯ ನಫೀಸಾಳ ಗಂಡ ಸೋಮವಾರ ದುಬೈಗೆ ಹೊರಡುತ್ತಾನೆ. ಅವನ ಕೈಯಲ್ಲಿ ಒಂದು ಡಬ್ಬಿ ಒಣಸಿಗಡಿ ಚಟ್ನಿ ಕಳಿಸುತ್ತಿದ್ದೇನೆ, ಅದರ ಜೊತೆಗೆ ಇದು. ಏಳನೇ ಕ್ಲಾಸಿನ ನನ್ನ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದು.

ಗುರುವಾರ ನೀವು ಏರ್‌ಪೋರ್ಟಿನ ಒಳಗೆ ಹೋದ ಮೇಲೆ ನಾನು ಅಲ್ಲಿಯೇ ಗಾಜಿನ ಬಾಗಿಲ ಹತ್ತಿರ ನಿಂತಿದ್ದೆ. ಆರು ವರ್ಷದ ಹಿಂದೆ, ಆ ಮೇ ಇಪ್ಪತ್ತೆರಡರ ಬೆಳಿಗ್ಗೆ, ಅದೇ ಜಾಗದಲ್ಲಿ ನಿಂತು ನನ್ನ ಮಗ ಅಶ್ಕರ್ ಹೊರಗೆ ಬರುತ್ತಾನೆಂದು ಕಾದಿದ್ದೆ. ಮೂರು ತಿಂಗಳ ಮಗಳು ಮಿಸ್ರಿಯಾಳ ಮುಖ ನೋಡಲು ದುಬೈಯಿಂದ ಹೊರಟು ಬಂದಿದ್ದ. ವಿಮಾನ ಗುಡ್ಡದಿಂದ ಕೆಳಗೆ ಬಿತ್ತು ಎಂದು ಯಾರೋ ಓಡಿಕೊಂಡು ಬಂದು ಹೇಳಿದಾಗ, ಬೇರೆ ಯಾವುದೋ ವಿಮಾನ ಇರಬೇಕು ಎಂದೇ ನಾನು ತಿಳಿದಿದ್ದೆ. ನೂರ ಐವತ್ತೆಂಟು ಜನ ಹೋದರು. ದೇಶಕ್ಕೆಲ್ಲ ಅದು ಸುದ್ದಿ, ನಮ್ಮ ಕಾಸರಗೋಡಿಗೆ ಬೀದಿ ಬೀದಿಯ ಮರಣ. ನಮ್ಮವನ ಗುರುತಾದರೂ ಸಿಕ್ಕಿತು, ನಮ್ಮ ಮಸೀದಿಯ ಮಣ್ಣಿಗೇ ಬಂದ. ಗುರುತೇ ಸಿಗದವರನ್ನು ಕೂಳೂರಿನ ಹತ್ತಿರ ಹೊಳೆಬದಿಯಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಪ್ರತಿ ವರ್ಷ ಆ ದಿನ ನಾನು ಅಲ್ಲಿಗೇ ಹೋಗುವುದು ಯಾಕೆಂದು ನೀನು ಒಮ್ಮೆ ಕೇಳಿದ್ದೆ. ಅವರಿಗೂ ಎಲ್ಲಿಯೋ ಒಬ್ಬೊಬ್ಬ ಉಮ್ಮ ಇದ್ದಾಳಲ್ಲ, ಅದಕ್ಕೆ.

ನಿನ್ನ ಮಾವ ಒಮ್ಮೆಯೂ ಬಂದವರಲ್ಲ. ಆ ದಿನ ಅವರು ಎಂದಿಗಿಂತ ಬೇಗ ಅಂಗಡಿ ತೆರೆದು, ಎಂದಿಗಿಂತ ತಡವಾಗಿ ಮುಚ್ಚುತ್ತಾರೆ. ಅವರ ರೀತಿ ಅದು. ನಿನ್ನ ರೀತಿ ಬೇರೆ ಇತ್ತು. ಆಕಾಶದಲ್ಲಿ ಸದ್ದು ಕೇಳಿದರೆ ಸಾಕು, ಒಣಗಲು ಹಾಕಿದ್ದ ಬಟ್ಟೆ ಬಿಟ್ಟು ಒಳಗೆ ಓಡುತ್ತಿದ್ದೆ. ದುಬೈಯಲ್ಲಿರುವ ತ್ವಾಹಾನ ಸಂಬಂಧ ಬಂದಾಗ ನಾನೇ ಮುಂದೆ ನಿಂತು ನಿಕಾಹ್ ಮಾಡಿಸಿದೆ. ‘ಸೊಸೆಗೆ ಎರಡನೇ ಮದುವೆ ಮಾಡಿಸುವ ಅತ್ತೆಯನ್ನು ಇವತ್ತೇ ನೋಡಿದ್ದು’ ಎಂದು ಮದುವೆ ಮನೆಯಲ್ಲೇ ಕೆಲವರು ಆಡಿಕೊಂಡರು. ಆಡಲಿ. ಇಪ್ಪತ್ತೆರಡನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು ನನ್ನ ಅಡುಗೆಮನೆಯಲ್ಲಿ ಮುದುಕಿಯಾಗಬೇಕೇ? ಆದರೆ ಏಪ್ರಿಲಿನಲ್ಲಿ ವೀಸಾ ಬಂದಾಗ ನೀನು ಗೋಡೆಗೆ ಒರಗಿ ಕುಳಿತು, “ಉಮ್ಮಾ, ನನ್ನಿಂದ ಆಗುದಿಲ್ಲ. ಅವರೇ ಊರಿಗೆ ಬರ್ಲಿ, ಇಲ್ಲದಿದ್ರೆ ನನ್ನನ್ನು ಬಿಡ್ಲಿ” ಎಂದೆಯಲ್ಲ, ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಆ ವಿಮಾನ ಮಗನನ್ನು ಒಯ್ದದ್ದು ಸಾಲದೇ, ಉಳಿದವಳ ಬದುಕನ್ನೂ ಒಯ್ಯುತ್ತದಲ್ಲ ಎಂದು.

ಅದಕ್ಕೇ ಈ ಸಲ ಮೇಯಲ್ಲಿ ನಿನ್ನನ್ನು ಹಟ ಮಾಡಿ ಕೂಳೂರಿಗೆ ಕರೆದುಕೊಂಡು ಹೋದದ್ದು. ಅಲ್ಲಿ ಪೂವಪ್ಪ ಸಿಕ್ಕಿದ್ದು ನಮ್ಮ ಭಾಗ್ಯ. ಅವನು ಕೆಂಜಾರಿನವನು. ವಿಮಾನ ಬಿದ್ದ ಆ ಗುಡ್ಡದ ಬುಡದಲ್ಲೇ ಅವನ ಮನೆ. ಆ ಬೆಳಿಗ್ಗೆ ಹೊಗೆಯೊಳಗೆ ಇಳಿದು ಸಂಜೆಯವರೆಗೆ ಜನರನ್ನು ಎತ್ತಿದವರಲ್ಲಿ ಅವನೊಬ್ಬ. ಮನೆಯಲ್ಲಿದ್ದ ಬೆಡ್‌ಶೀಟು ಮುಗಿದ ಮೇಲೆ ಹೆಂಡತಿಯ ಸೀರೆಗಳನ್ನು ತಂದು ಹೊದೆಸಿದನಂತೆ. ಅವನು ನಿನ್ನ ಮುಖ ನೋಡಿ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. “ನನಗೂ ಹೆದರಿಕೆ ಉಂಟು ತಂಗೀ. ಆ ದಿನದಿಂದ ಒಂದು ವಿಮಾನ ಬಂದ್ರೂ ನಾನು ಅಂಗಳಕ್ಕೆ ಬಂದು ನೋಡ್ತೇನೆ. ಊಟಕ್ಕೆ ಕೂತಿದ್ರೂ ಎದ್ದು ಬರ್ತೇನೆ. ಆರು ವರ್ಷ ಆಯ್ತು. ಎಲ್ಲ ಇಳೀತದೆ, ಎಲ್ಲ ಹಾರ್ತದೆ. ನಾನು ನೋಡಿದ್ದೇನಲ್ಲ.” ದೊಡ್ಡ ಉಪದೇಶವೇನೂ ಅಲ್ಲ ಅದು. ಆದರೆ ಹಿಂದೆ ಬರುವಾಗ ಬಸ್ಸಿನಲ್ಲಿ ತಲಪಾಡಿ ದಾಟಿದ ಮೇಲೆ ನೀನಾಗಿಯೇ ಕೇಳಿದೆ, “ಎಷ್ಟು ಗಂಟೆ ಆಗ್ತದೆ ಉಮ್ಮಾ, ದುಬೈಗೆ?”

ಕೋಝಿಕ್ಕೋಡಿನಿಂದ ಹೋಗಲಿ ಎಂದು ನಾವೆಲ್ಲ ಹೇಳಿದೆವು. ರೈಲಿನಲ್ಲಿ ಹೋಗಿ ಅಲ್ಲಿ ಹತ್ತಿದರೆ ಆ ಗುಡ್ಡವಾದರೂ ಕಣ್ಣಿಗೆ ಬೀಳುವುದಿಲ್ಲ. ನೀನು ಒಪ್ಪಲಿಲ್ಲ. “ಇಲ್ಲಿಂದಲೇ ಹೋಗ್ತೇನೆ. ನಾಳೆ ಮಿಸ್ರಿಯಾ ಇಲ್ಲಿಗೇ ಬಂದು ಇಳೀಬೇಕಲ್ಲ” ಎಂದೆ. ನನಗಿಂತ ನೀನು ಗಟ್ಟಿ ಎಂದು ಅವತ್ತು ತಿಳಿಯಿತು.

ಇನ್ನು ಗುರುವಾರದ ಕಥೆ ಕೇಳು. ನಿನ್ನ ಮಾವ ಕಾರಿನಿಂದ ಇಳಿಯಲೇ ಇಲ್ಲ. ನಾನು ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು ಗೊತ್ತಿದ್ದ ದುಆಗಳನ್ನೆಲ್ಲ ಹೇಳಿ ಮುಗಿಸಿದ್ದೆ. ಆಗ ಪೂವಪ್ಪನ ಫೋನು ಬಂತು. ಹಾಯ್ ಇಲ್ಲ, ಹಲೋ ಇಲ್ಲ. “ಐಸಮ್ಮಕ್ಕಾ, ಹೋಯ್ತು! ನಮ್ಮ ಅಂಗಳದಲ್ಲೇ ನಿಂತಿದ್ದೇನೆ. ಚಂದ ಮಾಡಿ ಏರಿ ಹೋಯ್ತು, ಮೋಡದೊಳಗೆ ಹೋಯ್ತು!” ಅವನ ಹೆಂಡತಿಯೂ ಹಿಂದಿನಿಂದ ಕೂಗುತ್ತಿದ್ದಳು. ನಾನು ಕಾರಿನ ಹತ್ತಿರ ಓಡಿಬಂದು ಹೇಳಿದರೆ ನಿನ್ನ ಮಾವ, “ಏರಿದ್ದು ದೊಡ್ಡ ಸಂಗತಿಯಾ? ಇಳೀಲಿ” ಎಂದರು. ಊರಿಗೆ ಬಂದವರೇ ಅಂಗಡಿ ತೆರೆದರು. ಮಧ್ಯಾಹ್ನ ನಿನ್ನ ಫೋನು ಬಂದು, ‘ಇಳಿದೆವು ಉಮ್ಮಾ’ ಎಂಬ ನಿನ್ನ ಮಾತನ್ನು ನಾನು ಅಂಗಡಿಗೆ ಹೋಗಿ ಅವರಿಗೆ ಹೇಳಿದಾಗ, ಅವರು ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು, ಅಕ್ಕಿಯ ಗೋಣಿಯ ಮೇಲೆ ಕುಳಿತು ಗಟ್ಟಿಯಾಗಿ ಅತ್ತರು. ಆರು ವರ್ಷದಲ್ಲಿ ಅವರು ಅತ್ತದ್ದು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಮನೆಗೆ ಬಂದು ಐದು ಅಕ್ಕಿರೊಟ್ಟಿ ತಿಂದು, ಇನ್ನೂ ಉಂಟಾ ಎಂದು ಕೇಳಿದರು. ನಾನೂ ಆ ರಾತ್ರಿ ಹಾಸಿಗೆಗೆ ಬಿದ್ದವಳು ಬೆಳಗಿನ ಜಾವದ ಸುಬಹಿಯ ಬಾಂಗಿಗೇ ಎದ್ದದ್ದು. ಮನೆ ಖಾಲಿಯಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಿದೆ.

ಬಕ್ರೀದಿಗೆ ಮಗುವಿಗೆ ಹೊಸ ಉಡುಪು ತೆಗೆದುಕೊಡಿ. ತ್ವಾಹಾನಿಗೆ ಸಲಾಂ. ಅಲ್ಲಾಹು ನಿಮ್ಮ ಮೂವರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ ಉಮ್ಮ,
ಐಸಮ್ಮ

ಮರೆತದ್ದು: ನಫೀಸಾಳ ಗಂಡ ಡಬ್ಬಿ ಒಯ್ಯಲು ಬಂದು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಫೋನಿನಲ್ಲಿ ಮಿಸ್ರಿಯಾ ಆಚೆಯಿಂದ ತ್ವಾಹಾನನ್ನು “ಉಪ್ಪಾ” ಎಂದು ಕರೆದಳು. ಕೂಡಲೇ ನೀನು ಫೋನಿಗೆ ಕೈ ಮುಚ್ಚಿದೆ, ಆಮೇಲೆ ನೆಟ್‌ವರ್ಕ್ ಸರಿಯಿಲ್ಲ ಎಂದೆ. ನಾನು ಕೇಳಿಸಿಕೊಂಡೆ ಮಗಳೇ. ಹಾಗೆ ಕರೆಯಲು ಅವಳಿಗೆ ಹೇಳಿಕೊಟ್ಟವಳೇ ನಾನು. ಹೊರಡುವ ಮುಂಚೆ, ನೀನು ಪೆಟ್ಟಿಗೆ ಕಟ್ಟುತ್ತಿದ್ದಾಗ. ಹುಟ್ಟಿದಂದಿನಿಂದ ಆ ಮಗುವಿಗೆ ಅಪ್ಪ ಎಂದು ಕರೆಯಲು ಒಂದು ಜನ ಇರಲಿಲ್ಲ. ಮುಂದಿನ ಸಲ ಕೈ ಮುಚ್ಚಬೇಡ. ಅವಳು ಕರೆಯುವುದನ್ನೂ ಅವನು ಓಗೊಡುವುದನ್ನೂ ನನಗೆ ಕೇಳಬೇಕು.